ಹೆಮಿಂಗ್ವೇಯ ಹೊಳೆಯಲ್ಲಿ ಜನರೇ ಇಲ್ಲ

ನಮ್ಮ ಓದುವ ಬಳಗದಲ್ಲಿ ಈ ಸಲ ಅರ್ನೆಸ್ಟ್ ಹೆಮಿಂಗ್ವೇಯ ‘ಬಿಗ್ ಟೂ-ಹಾರ್ಟೆಡ್ ರಿವರ್’ ಕಥೆಯನ್ನು ಓದಿದೆವು. ಓದಿ ಮುಗಿಸಿದ ಮೇಲೆ ಹಿರಿಯರೊಬ್ಬರು, “ಇದರಲ್ಲಿ ಕಥೆ ಎಲ್ಲಿದೆ ಸ್ವಾಮಿ? ಒಬ್ಬ ಹೋದ, ಡೇರೆ ಹಾಕಿದ, ಮೀನು ಹಿಡಿದ, ಮುಗಿಯಿತು” ಎಂದರು. ಮೀನು ಮುಟ್ಟದ ಮನೆಯವರೊಬ್ಬರು, “ಹಸಿದವನು ಮೀನು ಹಿಡಿದರೆ ಅರ್ಥವಾಗುತ್ತದೆ. ಇವರು ಆಟಕ್ಕೆ ಹಿಡಿಯುತ್ತಾರಲ್ಲ!” ಎಂದರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ನನಗೆ ಈ ಕಥೆಯ ಮೇಲಿರುವ ತಕರಾರು ಬೇರೆ. ಅದನ್ನು ನಾಲ್ಕು ಜನರ ಮುಂದಿಡೋಣವೆಂದು ಈ ಬರಹ.

ಮೊದಲು ಕಥೆಯ ಗುಣವನ್ನು ಹೇಳಿಬಿಡುತ್ತೇನೆ. ಯುದ್ಧದಿಂದ ಮರಳಿದ ನಿಕ್ ಆಡಮ್ಸ್ ಎಂಬ ಯುವಕ ಮಿಷಿಗನ್ನಿನ ಸೀನಿ ಎಂಬಲ್ಲಿ ರೈಲಿಳಿಯುತ್ತಾನೆ. ಊರು ಸುಟ್ಟು ಕರಕಲಾಗಿದೆ. ಮಿಡತೆಗಳು ಕೂಡ ಮಸಿಯಲ್ಲಿ ಬದುಕಿ ಕಪ್ಪಾಗಿವೆ. ಬೆನ್ನಿಗೆ ಗಂಟು ಹೊತ್ತು ಅವನು ಹೊಳೆಯತ್ತ ನಡೆಯುತ್ತಾನೆ. ಇಡೀ ಕಥೆಯಲ್ಲಿ ಯುದ್ಧದ ಮಾತೇ ಬರುವುದಿಲ್ಲ, ಆದರೂ ಕಾಫಿ ಕುದಿಸುವ ಅವನ ಎಚ್ಚರದಲ್ಲೇ ಅದು ಗೊತ್ತಾಗುತ್ತದೆ. ಚಿಕ್ಕ ಟ್ರೌಟ್ ಮೀನೊಂದನ್ನು ಬಿಡುವ ಮೊದಲು ಅವನು ಕೈ ಒದ್ದೆ ಮಾಡಿಕೊಳ್ಳುತ್ತಾನೆ. ಒಣಗೈಯಿಂದ ಮುಟ್ಟಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಹೋಗಿ ಅಲ್ಲಿ ಬೂಷ್ಟು ಹತ್ತುತ್ತದೆ. ಇಷ್ಟನ್ನು ತಿಳಿದವನು ಆಟಕ್ಕೆ ಮೀನು ಹಿಡಿಯುವವನಲ್ಲ. ಹಿರಿಯರು ಕೇಳಿದ ‘ಕಥೆ’ ಆ ಒದ್ದೆ ಕೈಯಲ್ಲಿದೆ ಎಂದು ನಾನು ಹೇಳುತ್ತೇನೆ.

ನಮಗೆ ಈ ಕಥೆ ತೀರ ದೂರದ್ದೂ ಅಲ್ಲ. 1920ರಿಂದ ನಮ್ಮ ಟೊರಾಂಟೊ ಸ್ಟಾರ್ ಪತ್ರಿಕೆಗೆ ಬರೆದವನು ಹೆಮಿಂಗ್ವೇ, ಅದರಲ್ಲೂ ಆರಂಭದ ಲೇಖನಗಳಲ್ಲಿ ಕೆಲವು ಟ್ರೌಟ್ ಮೀನಿನ ಮೇಲೆಯೇ. ಅವನ ಮೊದಲ ಮಗ ಹುಟ್ಟಿದ್ದು 1923ರಲ್ಲಿ ಈ ಊರಿನಲ್ಲಿ. 1924ರ ಆರಂಭದಲ್ಲಿ ಟೊರಾಂಟೊ ಬಿಟ್ಟು ಪ್ಯಾರಿಸ್ಸಿಗೆ ಹೋಗಿ ಅದೇ ವರ್ಷ ಈ ಕಥೆ ಬರೆದ. 1925ರಲ್ಲಿ ಪ್ರಕಟವಾಯಿತು.

ಈಗ ತಕರಾರು. ಹೆಮಿಂಗ್ವೇ ನಿಜವಾಗಿ ಸೀನಿಗೆ ಹೋದದ್ದು 1919ರಲ್ಲಿ, ಇಬ್ಬರು ಗೆಳೆಯರ ಜೊತೆ. ಮೀನು ಹಿಡಿದ ಹೊಳೆಯ ಹೆಸರು ಫಾಕ್ಸ್. ಕಥೆಗೆ ಬರುವಷ್ಟರಲ್ಲಿ ಹೊಳೆಗೆ ಬೇರೊಂದು ಚೆಂದದ ಹೆಸರು ಬಂತು, ಗೆಳೆಯರಿಬ್ಬರೂ ಮಾಯವಾದರು! ಅಷ್ಟೇ ಅಲ್ಲ, ಬೇರೆ ಗಾಳಗಾರರು ತುಂಬಿದ್ದ ಹೊಳೆಗಳನ್ನು ನಿಕ್ ನೆನೆದು ಬೇಸರಪಡುತ್ತಾನೆ. ಒಣಗೈಯವರು ಮುಟ್ಟಿ ಬಿಟ್ಟ ಮೀನುಗಳು ಬಿಳಿ ಬೂಷ್ಟು ಹಿಡಿದು ಸತ್ತು ತೇಲುತ್ತಿದ್ದುದನ್ನು ಕಂಡವನು ಅವನು. ತನ್ನ ಕಡೆಯವರಲ್ಲದ ಯಾರೂ ಹೊಳೆಯಲ್ಲಿರುವುದು ಅವನಿಗೆ ಸಹಿಸದು. ಕಥೆಯ ನಾಯಕನಿಗೆ, ಅದೂ ಯುದ್ಧ ಕಂಡು ಬಂದವನಿಗೆ, ಹಾಗನ್ನಿಸಿದರೆ ತಪ್ಪಿಲ್ಲ. ಆದರೆ ಆಮೇಲೆ ಬಂದವರು ಇದನ್ನೇ ಒಂದು ಸಂಪ್ರದಾಯ ಮಾಡಿಕೊಂಡರು. 1992ರಲ್ಲಿ ರಾಬರ್ಟ್ ರೆಡ್‌ಫರ್ಡ್ ತೆಗೆದ ‘ಎ ರಿವರ್ ರನ್ಸ್ ಥ್ರೂ ಇಟ್’ ಚಿತ್ರವನ್ನು ನಮ್ಮಲ್ಲಿ ಹಲವರು ವಿಡಿಯೋ ಕ್ಯಾಸೆಟ್ ತಂದು ನೋಡಿದ್ದೀರಿ. ಛಾಯಾಗ್ರಹಣಕ್ಕೆ ಆಸ್ಕರ್ ಬಂದ ಚಿತ್ರ. ಮೂಲ ಪುಸ್ತಕದ ಬ್ಲ್ಯಾಕ್‌ಫುಟ್ ನದಿ ಗಣಿ ಮತ್ತು ಮರ ಕಡಿತದಿಂದ ಕೆಟ್ಟಿದ್ದರಿಂದ ಮೀನಿನ ದೃಶ್ಯಗಳನ್ನು ಹೆಚ್ಚಾಗಿ ಗ್ಯಾಲಟಿನ್ ಮುಂತಾದ ಬೇರೆ ಹೊಳೆಗಳಲ್ಲಿ ತೆಗೆದರು. ಹೊಳೆ ಯಾಕೆ ಕೆಟ್ಟಿತೆಂಬುದು ಚಿತ್ರದಲ್ಲಿ ಬರಲೇ ಇಲ್ಲ! ಕಾರ್ಮ್ಯಾಕ್ ಮೆಕಾರ್ಥಿಯ ‘ದಿ ರೋಡ್’ (2006) ಕಾದಂಬರಿಯ ಕೊನೆಯ ಪ್ಯಾರಾದಲ್ಲಿ ಬೆಟ್ಟದ ತೊರೆಯ ಬ್ರೂಕ್ ಟ್ರೌಟ್ ಬರುತ್ತದೆ, ಮನುಷ್ಯ ಕಳೆದುಕೊಂಡ ಲೋಕದ ಗುರುತಾಗಿ. ಬರವಣಿಗೆ ಅದ್ಭುತ. ಆದರೆ ಅಲ್ಲೂ ಅದೇ ಮಾತು: ಮೀನಿದ್ದಲ್ಲಿ ಮನುಷ್ಯನಿಲ್ಲ, ಮನುಷ್ಯ ಬಂದಲ್ಲಿ ಮೀನಿಲ್ಲ.

ಇದನ್ನು ಓದಿ ರಿಚ್ಮಂಡ್ ಹಿಲ್‌ನಲ್ಲಿ ಕೂತ ನಾವು ಏನು ತಿಳಿಯಬೇಕು? ಬ್ರೂಕ್ ಟ್ರೌಟ್ ನೋಡಬೇಕಾದರೆ ಉತ್ತರಕ್ಕೆ ಐದಾರು ಗಂಟೆ ಕಾರು ಓಡಿಸಿ, ಆಮೇಲೆ ದೋಣಿ ಹೊತ್ತು ನಡೆಯಬೇಕೆಂದೇ? ಈ ಮೀನಿನ ಶಾಸ್ತ್ರೀಯ ಹೆಸರಿನಲ್ಲಿ ಬರುವ ‘ಫಾಂಟಿನಾಲಿಸ್’ ಎಂದರೆ ಒರತೆಯದು, ಬುಗ್ಗೆಯದು ಎಂದರ್ಥ. ಅದಕ್ಕೆ ಬೇಕಾದದ್ದು ದೂರವಲ್ಲ, ತಂಪು. ನೀರಿನ ಉಷ್ಣತೆ 20 ಡಿಗ್ರಿ ದಾಟಿದರೆ ಅದು ಸಂಕಟಪಡುತ್ತದೆ. ಶರತ್ಕಾಲದಲ್ಲಿ, ನೆಲದಡಿಯ ನೀರು ಜಲ್ಲಿಯೊಳಗಿಂದ ಉಕ್ಕುವ ಜಾಗ ಹುಡುಕಿ ಮೊಟ್ಟೆಯಿಡುತ್ತದೆ. ಅದಕ್ಕೇ ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್ 30ಕ್ಕೆ ಅದರ ಬೇಟೆ ಮುಗಿಯುತ್ತದೆ. ಅಂಥ ನೀರು ಎಲ್ಲಿಂದ ಬರುತ್ತದೆ? ನಮ್ಮ ಕಾಲ ಕೆಳಗಿನಿಂದ! ಓಕ್ ರಿಡ್ಜಸ್ ಮೊರೇನ್ ಎಂದು ಬೋರ್ಡು ನೋಡುತ್ತೇವಲ್ಲ, ಅದು ಹಿಮಯುಗದ ಕೊನೆಗೆ ನೀರ್ಗಲ್ಲು ಕರಗುವಾಗ ಉಳಿದ ಮರಳು-ಜಲ್ಲಿಯ ದಿಬ್ಬ, ಸುಮಾರು 160 ಕಿಲೋಮೀಟರ್ ಉದ್ದ. ಮಳೆ ಮತ್ತು ಹಿಮದ ನೀರು ಅದರೊಳಗೆ ಇಂಗಿ, ಸೋಸಿ, ತಣ್ಣಗಾಗಿ ಪಕ್ಕಗಳಲ್ಲಿ ಜಿನುಗುತ್ತದೆ. ಯಂಗ್ ಸ್ಟ್ರೀಟ್ ಈ ದಿಬ್ಬವನ್ನು ಹತ್ತಿಳಿದು ಹೋಗುತ್ತದೆ. ಈಸ್ಟ್ ಹಂಬರ್, ಡಾನ್, ರೂಜ್ ಮೂರಕ್ಕೂ ಇಲ್ಲಿ ಮೂಲವಿದೆ. ಒಂದು ಕಾಲಕ್ಕೆ ಈ ನೀರಿನಲ್ಲೆಲ್ಲ ಬ್ರೂಕ್ ಟ್ರೌಟ್ ಇತ್ತು. ಈಗ ಟೊರಾಂಟೊ ಸುತ್ತಮುತ್ತ ಅದು ಉಳಿದಿರುವುದು ಅಲ್ಲಲ್ಲಿ, ಒರತೆಯ ತಂಪು ಕೆಡದ ಮೇಲ್ತೊರೆಗಳ ತುಂಡುಗಳಲ್ಲಿ.

ಉಳಿದ ಕಡೆ ಯಾಕಿಲ್ಲ ಎಂದರೆ, ನಾವಿದ್ದೇವೆ. ಛಾವಣಿ, ಡ್ರೈವ್‌ವೇ, ಪಾರ್ಕಿಂಗ್ ಲಾಟ್ ಮೇಲೆ ಬಿದ್ದ ಮಳೆ ಇಂಗುವುದಿಲ್ಲ. ಬೇಸಿಗೆಯಲ್ಲಿ ಬಿಸಿಯಾದ ಡಾಂಬರಿನ ಮೇಲೆ ಹರಿದು ಹಾಗೇ ತೊರೆಗೆ ಸೇರುತ್ತದೆ, ಚಳಿಗಾಲದಲ್ಲಿ ರಸ್ತೆಯ ಉಪ್ಪನ್ನೂ ಒಯ್ಯುತ್ತದೆ. 2000ದ ಸುಮಾರಿಗೆ ಈ ದಿಬ್ಬದ ಮೇಲೆ ಸಾವಿರಾರು ಹೊಸ ಮನೆ ಕಟ್ಟುವ ಯೋಜನೆ ಬಂದಾಗ ಇದೇ ಊರಿನ ಜನ ಕೌನ್ಸಿಲ್ ಸಭೆಗಳಿಗೆ ನುಗ್ಗಿ ಜಗಳವಾಡಿದರು. 2001ರ ಡಿಸೆಂಬರಿನಲ್ಲಿ ಮೊರೇನ್ ರಕ್ಷಣೆಯ ಕಾನೂನು ಬಂತು. ಬಾಥರ್ಸ್ಟ್ ಮತ್ತು ಬೇವ್ಯೂ ರಸ್ತೆಗಳ ನಡುವೆ ಓಕ್ ರಿಡ್ಜಸ್ ಕಾರಿಡಾರ್ ಎಂಬ ಕಾಡು ನಡೆದಾಡಲು ಉಳಿದದ್ದು ಆ ಜಗಳದಿಂದ. ಹೆಮಿಂಗ್ವೇಯ ಮಾದರಿಯಲ್ಲಿ ಈ ಪ್ರಸಂಗವನ್ನು ಬರೆಯಲು ಬರುವುದೇ ಇಲ್ಲ. ಜನರನ್ನು ತೆಗೆದರೆ ಇಲ್ಲಿ ತೊರೆಯೂ ಉಳಿಯುವುದಿಲ್ಲ, ಕಥೆಯೂ ಉಳಿಯುವುದಿಲ್ಲ.

ಹಾಗಾದರೆ ಯಾರ ಮಾದರಿಯಲ್ಲಿ ಬರೆಯಬೇಕು? ನಮ್ಮ ಪೂರ್ಣಚಂದ್ರ ತೇಜಸ್ವಿಯವರೂ ಗಾಳದ ಹುಚ್ಚಿನವರೇ. ಅವರ ‘ಪರಿಸರದ ಕತೆ’ (1991) ತೆರೆದರೆ ಮೂಡಿಗೆರೆಯ ಕಾಡು, ಹಕ್ಕಿ, ಮೀನುಗಳ ಜೊತೆಗೆ ಮಾರ, ಪ್ಯಾರ, ಕಿವಿ ಎಂಬ ನಾಯಿ, ದಾರಿಹೋಕರು, ಸುಳ್ಳು ಹೇಳುವವರು, ಸಾಲ ಕೇಳುವವರು ಎಲ್ಲ ಬಂದು ನೆರೆಯುತ್ತಾರೆ. ಏಕಾಂತ ಅಲ್ಲಿ ಸಿಗುವುದೇ ಅಪರೂಪ! ‘ಕರ್ವಾಲೊ’ದಲ್ಲಿ (1980) ಹಾರುವ ಓತಿಯನ್ನು ಹುಡುಕಲು ವಿಜ್ಞಾನಿಗೆ ಮಂದಣ್ಣನಂಥ ಹಳ್ಳಿಯ ಉಡಾಳನೇ ಬೇಕಾಗುತ್ತಾನೆ. ಹುಳುಹುಪ್ಪಟೆಗಳ ಬಗ್ಗೆ ಮಂದಣ್ಣನಿಗಿರುವ ಕಣ್ಣು, ದಾರ ಮತ್ತು ಗರಿಯಿಂದ ಹುಸಿನೊಣ ಕಟ್ಟುವ ಇಲ್ಲಿನ ಒಳ್ಳೆಯ ಗಾಳಗಾರನ ಕಣ್ಣೇ. ಯಾವ ವಾರ ಯಾವ ಹುಳು ನೀರಿನಿಂದ ರೆಕ್ಕೆ ಬಿಚ್ಚಿ ಏಳುತ್ತದೆಂದು ತಿಳಿಯದವನಿಗೆ ಟ್ರೌಟ್ ಬಾಯಿ ತೆರೆಯದು. ಇಷ್ಟು ಹೇಳಿ, ತೇಜಸ್ವಿಯವರಿಗೂ ಕುಂದಿಲ್ಲವೆನ್ನಲಾರೆ. ಹೆಮಿಂಗ್ವೇಯ ವಾಕ್ಯದ ಬಿಗಿ ಅವರಲ್ಲಿಲ್ಲ, ಮಾತು ಎಲ್ಲೆಲ್ಲಿಗೋ ಹರಿಯುತ್ತದೆ, ಕೆಲವೊಮ್ಮೆ ಮಾಹಿತಿಯೇ ಕಥೆಯನ್ನು ನುಂಗುತ್ತದೆ. ಆದರೆ ಜನ ಮತ್ತು ಕಾಡು ಒಂದೇ ಪುಟದಲ್ಲಿ ಬದುಕುವುದು ಹೇಗೆಂದು ಬರೆದು ತೋರಿಸಿದವರು ಅವರು. ನಮ್ಮ ಹಿತ್ತಿಲ ತೊರೆಗೆ ಬೇಕಾದದ್ದು ಆ ಕಣ್ಣು.

(ಗಾಳದ ಸಾಹಿತ್ಯ ಬಿಳಿಯರದು, ನಮಗೇಕೆ ಎನ್ನುವವರಿಗೆ ಒಂದು ಮಾತು: ಭಾರತದ ಗಾಳಗಾರರು ಇವತ್ತಿಗೂ ಹೆಸರಿಸುವ ಎಚ್. ಎಸ್. ಥಾಮಸ್ ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ!)

ಕೊನೆಗೆ ನಮ್ಮ ಮನೆಯ ಮಾತು. ನಮ್ಮ ಯುಗಾದಿ, ರಾಜ್ಯೋತ್ಸವದ ಸಂಚಿಕೆಗಳನ್ನು ತಿರುವಿದರೆ ತುಂಗೆ, ಕಾವೇರಿ, ಶರಾವತಿ ಧಾರಾಳವಾಗಿ ಹರಿಯುತ್ತವೆ. ಕೆನಡಾ ಬಂದರೆ ಹಿಮ ಬೀಳುತ್ತದೆ, ಸಲಿಕೆ ಬರುತ್ತದೆ, ಅಷ್ಟೆ. ಇದೂ ಹೆಮಿಂಗ್ವೇಯ ಮಾತಿನ ಇನ್ನೊಂದು ರೂಪವಲ್ಲವೇ? ಚೆಲುವಾದ ನೀರು ಯಾವಾಗಲೂ ದೂರದಲ್ಲಿ, ನಾವಿಲ್ಲದ ಕಡೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ತುಂಗೆ ಫೋಟೋದಲ್ಲಿದೆ, ರೂಜ್ ಶಾಲೆಯ ಹಿಂದಿದೆ. ಅದರ ಬಗ್ಗೆ ನಮ್ಮ ಸಂಚಿಕೆಗಳಲ್ಲಿ ಒಂದು ಪುಟವನ್ನೂ ನಾನು ಕಂಡಿಲ್ಲ. ಡಾನ್ ಮತ್ತು ರೂಜ್‌ನ ಇಲ್ಲಿನ ಕವಲುಗಳಲ್ಲಿ ರೆಡ್‌ಸೈಡ್ ಡೇಸ್ ಎಂಬ ಬೆರಳುದ್ದದ ಮೀನಿದೆ, ಪಕ್ಕೆಗೆ ಕುಂಕುಮದ ಪಟ್ಟಿ. ನೀರಿನಿಂದ ಮೇಲಕ್ಕೆ ಹಾರಿ ನೊಣ ಹಿಡಿಯುತ್ತದೆ. 2017ರಲ್ಲಿ ಕೆನಡಾ ಸರ್ಕಾರ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು, ಹಿಡಿಯುವ ಹಾಗಿಲ್ಲ. ಕನ್ನಡದಲ್ಲಿ ಏನೆಂದು ಕರೆಯೋಣ? ಮಕ್ಕಳು ಒಳ್ಳೆಯ ಹೆಸರು ಸೂಚಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕಲು ಸಂಪಾದಕರು ಒಪ್ಪಿದ್ದಾರೆ.

ಓದುವ ಬಳಗದ ಮುಂದಿನ ಪುಸ್ತಕ ‘ಕರ್ವಾಲೊ’. ನನ್ನಲ್ಲಿ ಎರಡು ಪ್ರತಿಗಳಿವೆ, ಒಂದರ ರಟ್ಟು ಕಿತ್ತಿದೆ. ಬೇಕಾದವರು ಮುಂದಿನ ಪಾಟ್‌ಲಕ್‌ನಲ್ಲಿ ಕೇಳಿ ಪಡೆಯಿರಿ, ಓದಿ ವಾಪಸು ಕೊಡಿ.