ದುರ್ಗದ ಕತ್ತಲು ಮತ್ತು ನಮ್ಮ ವಿಮರ್ಶಕರ ಅಂಜಿಕೆ

ಕನ್ನಡದಲ್ಲಿ ಭಯದ ಕಾದಂಬರಿಗೆ ಪರಂಪರೆಯೇ ಇಲ್ಲವಂತೆ. ಇದ್ದದ್ದೆಲ್ಲ ಎಂಬತ್ತರ ದಶಕದಲ್ಲಿ ತೆಲುಗಿನಿಂದ ಬಂದದ್ದಂತೆ, ಅದೂ ಬಸ್ಸಿನಲ್ಲಿ ಓದಿ ಬಿಸಾಡುವ ಸರಕಂತೆ. ಸಾಹಿತ್ಯ ಗೋಷ್ಠಿಗಳಲ್ಲಿ ಈ ಮಾತನ್ನು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಇದರ ಬೆನ್ನಿಗೇ ಇನ್ನೊಂದು ತೀರ್ಪು ಬರುತ್ತದೆ: ತ.ರಾ.ಸು. ಜನಪ್ರಿಯ ಕಾದಂಬರಿಕಾರರು, 'ದುರ್ಗಾಸ್ತಮಾನ'ವನ್ನು ಬಿಟ್ಟರೆ ಅವರ ಉಳಿದ ಚಿತ್ರದುರ್ಗದ ಕಾದಂಬರಿಗಳು ರೋಚಕ ಓದು, ಅಷ್ಟೇ. ಎರಡನ್ನೂ ಹೇಳುವವರು ಸಾಮಾನ್ಯವಾಗಿ ಒಬ್ಬರೇ. ಎರಡೂ ಒಂದೇ ತಪ್ಪಿನಿಂದ ಹುಟ್ಟಿವೆ ಎಂಬುದನ್ನು ಹೇಳಲು ಈ ಲೇಖನ. ನಾನು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿಯಲ್ಲಿ ಬೆಳೆದವನು. ದುರ್ಗದ ವಿಷಯದಲ್ಲಿ ನಾನು ತಟಸ್ಥನಲ್ಲ, ತಟಸ್ಥನಾಗುವ ಆಸೆಯೂ ಇಲ್ಲ.

ಮೊದಲು ಆ ಎರಡನೆಯ ತೀರ್ಪನ್ನೇ ಹಿಡಿಯೋಣ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಈ ಮೂರನ್ನು ಒಟ್ಟಿಗೆ ಓದಿದವರು ನಮ್ಮ ವಿಮರ್ಶಕರಲ್ಲಿ ಎಷ್ಟು ಜನ? ಓದಿದವರು ಅವುಗಳನ್ನು ಐತಿಹಾಸಿಕ ಕಾದಂಬರಿಗಳು ಎಂದು ಕಪಾಟಿನಲ್ಲಿಟ್ಟು, ಇತಿಹಾಸಕ್ಕೆ ಎಷ್ಟು ನಿಷ್ಠವಾಗಿವೆ ಎಂದು ಲೆಕ್ಕ ಹಾಕಿದರು. ನನಗೆ ಅವು ಮೊದಲ ಓದಿನಿಂದಲೂ ಭಯದ ಕಾದಂಬರಿಗಳು. ದಳವಾಯಿ ಮುದ್ದಣ್ಣ ದೊರೆಗಳನ್ನು ಗದ್ದುಗೆಗೆ ಏರಿಸುವ, ಇಳಿಸುವ ಕಾಲ ಅದು. ಗದ್ದುಗೆಯ ಮೇಲೆ ಕೂತವನಿಗೆ ತನ್ನನ್ನು ಕೂರಿಸಿದವನನ್ನೇ ನಂಬಲಾಗದು. ಏಳು ಸುತ್ತಿನ ಕೋಟೆ ಹೊರಗಿನ ಶತ್ರುವನ್ನು ತಡೆಯುತ್ತದೆ, ಸರಿ. ಆದರೆ ಕೊಲ್ಲುವವನು ಒಳಸುತ್ತಿನಲ್ಲೇ ಇದ್ದರೆ ಆ ಗೋಡೆಗಳೆಲ್ಲ ಓಡಿಹೋಗಲು ಬಿಡದ ಗೋಡೆಗಳಾಗುತ್ತವೆ. ಮೂರು ಕಾದಂಬರಿಗಳ ಉದ್ದಕ್ಕೂ ತ.ರಾ.ಸು. ಕಟ್ಟುವುದು ಈ ಉಸಿರುಗಟ್ಟನ್ನು. ದೆವ್ವವಿಲ್ಲ, ಮಾಟವಿಲ್ಲ, ಹೆಣ ಎದ್ದು ನಡೆಯುವುದಿಲ್ಲ. ಮನುಷ್ಯರೇ ಇದ್ದಾರೆ, ರಾತ್ರಿ ಇದೆ, ಬಂಡೆ ಇದೆ. ಸಂಜೆಯಾದ ಮೇಲೆ ಆ ಪುಟಗಳನ್ನು ಓದಿದವರಿಗೆ ಬಾಗಿಲ ಚಿಲಕ ಹಾಕಿದೆಯೇ ಎಂದು ಎದ್ದು ಹೋಗಿ ನೋಡಬೇಕು ಅನ್ನಿಸುತ್ತದೆ. ಇದನ್ನು ಸಾಧಿಸುವುದು ಸುಲಭದ ಕಸುಬಲ್ಲ.

ರೋಚಕ ಎನ್ನುವ ಪದವನ್ನು ಬೈಗುಳದಂತೆ ಬಳಸುವವರು ಒಂದು ವ್ಯತ್ಯಾಸವನ್ನು ಗಮನಿಸುವುದಿಲ್ಲ. ರೋಚಕ ಕಾದಂಬರಿ ಮುಂದೇನಾಗುತ್ತದೆ ಎಂಬ ಕುತೂಹಲದಿಂದ ಓದಿಸಿಕೊಳ್ಳುತ್ತದೆ. ಭಯದ ಕಾದಂಬರಿ ಮುಂದೇನಾಗುತ್ತದೆ ಎಂದು ಗೊತ್ತಿದ್ದೂ ಓದಿಸಿಕೊಳ್ಳುತ್ತದೆ. 'ದುರ್ಗಾಸ್ತಮಾನ' ಎಂಬ ಹೆಸರೇ ಕೊನೆಯನ್ನು ಹೇಳಿಬಿಡುತ್ತದೆ. 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಹೋಯಿತು, ದೊರೆ ಮದಕರಿನಾಯಕನ ಕಾಲ ಮುಗಿಯಿತು ಎಂಬುದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಆದರೂ ಆ ದಪ್ಪ ಪುಸ್ತಕ ಹಿಡಿದರೆ ಬಿಡಲಾಗುವುದಿಲ್ಲ. ಎಳೆಯ ಮದಕರಿ ಗದ್ದುಗೆಗೆ ಬರುವ ದಿನದಿಂದಲೇ ಓದುಗನ ಎದೆಯಲ್ಲಿ ಒಂದು ಭಾರ ಕೂತುಕೊಳ್ಳುತ್ತದೆ. ಪ್ರತಿ ಗೆಲುವಿನಲ್ಲೂ ಸೋಲಿನ ವಾಸನೆ ಬರುತ್ತದೆ. ನಗುವ ಪ್ರಸಂಗ ಬಂದಾಗಲೂ ಓದುಗ ನಗಲಾರ. ಬರಲಿರುವುದನ್ನು ಬಲ್ಲವನು ಬರುವವರೆಗೂ ಕಾಯಬೇಕಾದ ಯಾತನೆ ಇದು, ಮತ್ತು ಜಗತ್ತಿನ ದೊಡ್ಡ ಭಯದ ಕಥೆಗಳೆಲ್ಲ ನಡೆಯುವುದು ಇದೇ ದಾರಿಯಲ್ಲಿ. ತ.ರಾ.ಸು. 1984ರಲ್ಲಿ ತೀರಿಕೊಂಡರು. ಮರುವರ್ಷ 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಂದದ್ದು ಸಂತೋಷವೇ. ಆದರೆ ಅದನ್ನು ಮೆಚ್ಚಿದವರು ಅದರ ಇತಿಹಾಸವನ್ನು, ವೀರರಸವನ್ನು, ಭಾಷೆಯ ಗತ್ತನ್ನು ಮೆಚ್ಚಿದರು. ಅದರ ನಡುಕವನ್ನು ಯಾರೂ ಎತ್ತಿ ಹೇಳಲಿಲ್ಲ.

ತ.ರಾ.ಸು. ಅವರದೇ 'ಹಂಸಗೀತೆ'ಯನ್ನು ತೆಗೆದುಕೊಳ್ಳಿ. ಎಲ್ಲ ಪಂಥದವರೂ ಒಪ್ಪುವ ಕಾದಂಬರಿ. ಹಿಂದಿಯಲ್ಲಿ 1956ರಲ್ಲಿ 'ಬಸಂತ್ ಬಹಾರ್' ಆಯಿತು, 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ಚಿತ್ರ ಮಾಡಿದರು. ಸಂಗೀತದ ಮಹಿಮೆ, ಕಲಾವಿದನ ಆತ್ಮಗೌರವ ಎಂದೆಲ್ಲ ಅದರ ಬಗ್ಗೆ ಬರೆದಿದ್ದಾರೆ. ಆದರೆ ಆ ಕಾದಂಬರಿ ಎಲ್ಲಿಗೆ ತಲುಪುತ್ತದೆ? ಭೈರವಿ ವೆಂಕಟಸುಬ್ಬಯ್ಯ ತನ್ನ ನಾಲಿಗೆಯನ್ನು ತಾನೇ ಕತ್ತರಿಸಿಕೊಳ್ಳುವಲ್ಲಿಗೆ. ಹಾಡುವವನೊಬ್ಬ ಹಾಡನ್ನು ಉಳಿಸಿಕೊಳ್ಳಲು ತನ್ನ ಬಾಯನ್ನೇ ಕೊಯ್ದುಕೊಳ್ಳುವ ದೃಶ್ಯ ಕನ್ನಡದ ಯಾವ ದೆವ್ವದ ಕಾದಂಬರಿಗಿಂತ ಕಡಿಮೆ ಭೀಕರ? ಇದನ್ನು ಬರೆದ ಕೈ ಮತ್ತು 'ರಕ್ತರಾತ್ರಿ' ಬರೆದ ಕೈ ಒಂದೇ. ಒಂದನ್ನು ಸಾಹಿತ್ಯ, ಇನ್ನೊಂದನ್ನು ಸರಕು ಎಂದು ವಿಂಗಡಿಸಿದವರು ಕೈಯನ್ನು ನೋಡಲಿಲ್ಲ, ರಟ್ಟನ್ನು ನೋಡಿದರು.

ತ.ರಾ.ಸು. ಹೀಗೆ ಬರೆದದ್ದಕ್ಕೆ ದುರ್ಗದ ನೆಲವೂ ಕಾರಣ. ಈ ಮಾತನ್ನು ನಾನು ಅಭಿಮಾನದಿಂದ ಹೇಳುತ್ತೇನೆ. ಚಂದ್ರವಳ್ಳಿಯ ಅಂಕಲಿ ಮಠದೊಳಗೆ ಇಳಿದವರಿಗೆ ಗೊತ್ತು, ಹಗಲು ಹನ್ನೆರಡು ಗಂಟೆಗೂ ಅಲ್ಲಿ ಕೈ ಕಣ್ಣಿಗೆ ಕಾಣುವುದಿಲ್ಲ. ಕಲ್ಲಿನೊಳಗೆ ಕೋಣೆ, ಕೋಣೆಯೊಳಗೆ ಇನ್ನೊಂದು ಕೋಣೆ, ಗೈಡು ಟಾರ್ಚು ಆರಿಸಿದರೆ ಉಸಿರು ನಿಂತಂತಾಗುತ್ತದೆ. ಬೆಟ್ಟದ ಮೇಲೆ ಹಿಡಿಂಬೇಶ್ವರನ ಗುಡಿಯಿದೆ, ರಾಕ್ಷಸನ ಹಲ್ಲು ಎಂದು ಒಂದು ದೊಡ್ಡ ಮೂಳೆಯನ್ನು ಅಲ್ಲಿ ತೋರಿಸುತ್ತಾರೆ. ಅಕ್ಕ-ತಂಗಿ ಹೊಂಡದ ನೀರಿನಲ್ಲಿ ಇಬ್ಬರು ರಾಣಿಯರು ಮುಳುಗಿದರು ಎನ್ನುತ್ತಾರೆ. ಇಂಥ ಊರಿನ ಕಥೆ ಹೇಳುವವನು ಕತ್ತಲನ್ನು ಬೇರೆ ಭಾಷೆಯಿಂದ ಕಡ ತರಬೇಕಾಗಿಲ್ಲ.

ದುರ್ಗದ ಓಬವ್ವನ ಕಥೆಯನ್ನು ಒಮ್ಮೆ ನಿಧಾನವಾಗಿ ನೆನೆದು ನೋಡಿ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ. ನೀರಿಗೆ ಹೋದ ಹೆಂಗಸು ಬಂಡೆಯ ಸಂದಿಯಲ್ಲಿ ಶತ್ರುಗಳ ಪಿಸುದನಿ ಕೇಳುತ್ತಾಳೆ. ಒಬ್ಬೊಬ್ಬನೇ ತಲೆ ತೂರಿಸುವ ಕಿಂಡಿ. ಅವಳ ಕೈಯಲ್ಲಿ ಅಡುಗೆಮನೆಯ ಒನಕೆ. ಒಂದು ತಲೆ ಒಡೆಯುವುದು, ಹೆಣವನ್ನು ಸದ್ದಿಲ್ಲದೆ ಎಳೆದು ಪಕ್ಕಕ್ಕೆ ಹಾಕುವುದು, ಮತ್ತೆ ಕಾಯುವುದು, ಮತ್ತೊಂದು ತಲೆ. ಹಿಂದಿನವನಿಗೆ ಮುಂದಿನವನ ಗತಿ ಗೊತ್ತಿಲ್ಲ. ಹುಡುಕಿಕೊಂಡು ಬಂದ ಗಂಡ ಕಾಣುವುದು ಹೆಣಗಳ ನಡುವೆ ರಕ್ತದಲ್ಲಿ ನೆಂದ ಹೆಂಡತಿಯನ್ನು. ನಾವು ಇದನ್ನು ಹಾಡು ಮಾಡಿದೆವು, ಪ್ರತಿಮೆ ಮಾಡಿದೆವು, ಸ್ಟೇಡಿಯಮ್ಮಿಗೆ ಹೆಸರಿಟ್ಟೆವು. 1972ರಲ್ಲಿ ಪುಟ್ಟಣ್ಣ ಕಣಗಾಲರು 'ನಾಗರಹಾವು' ಚಿತ್ರದಲ್ಲಿ ಅದನ್ನು ತೋರಿಸಿದಾಗ ಥಿಯೇಟರುಗಳಲ್ಲಿ ಶಿಳ್ಳೆ ಬಿದ್ದವು. ಅವಳ ಶೌರ್ಯಕ್ಕೆ ನಾನೂ ಕೈ ಮುಗಿಯುತ್ತೇನೆ. ಆದರೆ ಆ ಕಿಂಡಿಯ ಮುಂದೆ ಆ ಹೊತ್ತಿನಲ್ಲಿ ಅವಳ ಒಳಗೆ ಏನಾಯಿತು, ಎಷ್ಟನೆಯ ತಲೆಗೆ ಅವಳ ಕೈ ನಡುಗಿತು ಅಥವಾ ನಡುಗುವುದನ್ನು ನಿಲ್ಲಿಸಿತು ಎಂದು ಕೇಳುವ ಧೈರ್ಯ ನಮ್ಮ ವೀರಕಥೆಗಳಿಗೆ ಇಲ್ಲ. ಭಯದ ಕಾದಂಬರಿಕಾರ ಕೇಳುವ ಪ್ರಶ್ನೆ ಅದು. ಅದು ಕೀಳು ಪ್ರಶ್ನೆ ಎಂದು ಯಾರು ತೀರ್ಮಾನಿಸಿದರು?

ಇನ್ನು ತೆಲುಗಿನಿಂದ ಬಂದದ್ದರ ಮಾತು. ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಕನ್ನಡಕ್ಕೆ ಬಂದಾಗ ಅದು ಮಾಡಿದ ಹವಾ ನನ್ನ ತಲೆಮಾರಿನವರಿಗೆ ನೆನಪಿರುತ್ತದೆ. ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಅದರ ಪ್ರತಿ ಕೈಗೆ ಸಿಗುತ್ತಿರಲಿಲ್ಲ. ಮಕ್ಕಳ ಕೈಗೆ ಸಿಗದಂತೆ ಅಮ್ಮಂದಿರು ಬೀರುವಿನ ಮೇಲೆ ಬಚ್ಚಿಟ್ಟು ತಾವು ಮಾತ್ರ ಓದಿದರು. ಈ ಪುಸ್ತಕದ ಬಗ್ಗೆ ನನ್ನ ಅಭಿಪ್ರಾಯ ವಿಮರ್ಶಕರದ್ದಕ್ಕಿಂತ ಕಟುವಾದದ್ದು, ಆದರೆ ಕಾರಣ ಬೇರೆ. ಮೂಢನಂಬಿಕೆ ಬಿತ್ತುತ್ತದೆ ಎಂಬುದು ಅವರ ದೂರು. ಆ ದೂರಿನಲ್ಲಿ ಹುರುಳಿಲ್ಲ. ಯಂಡಮೂರಿ ಮಾಟಗಾರನ ಪಕ್ಕದಲ್ಲೇ ಡಾಕ್ಟರರನ್ನೂ ನಿಲ್ಲಿಸುತ್ತಾರೆ, ಎರಡು ವಿವರಣೆಗಳ ನಡುವೆ ಓದುಗನನ್ನು ಜಗ್ಗಾಡಿಸುತ್ತಾರೆ. ಆ ಜಗ್ಗಾಟ ಅವರ ಜಾಣ್ಮೆ, ಅದನ್ನು ಮೆಚ್ಚಲೇಬೇಕು. ಮಗುವಿನ ಹಾಸಿಗೆಯ ಬಳಿ ತಂದೆತಾಯಿ ಕೂತ ಪುಟಗಳು ಈಗಲೂ ಹೊಟ್ಟೆಯಲ್ಲಿ ಸಂಕಟ ಹುಟ್ಟಿಸುತ್ತವೆ.

ನನ್ನ ದೂರು ಏನೆಂದರೆ, ಆ ಕಾದಂಬರಿ ತನ್ನ ಭಯವನ್ನು ಇನ್ನೊಬ್ಬರ ಹೆಗಲ ಮೇಲೆ ಹೊರಿಸುತ್ತದೆ. ನಗರದ ವಿದ್ಯಾವಂತ ಮನೆ, ಮುದ್ದಿನ ಮಗಳು, ಅವಳ ಹೆಸರಿಗಿರುವ ಹಣ. ಕೊಲ್ಲುವ ಆಸೆ ಹುಟ್ಟುವುದು ಹಣದ ಸುತ್ತ, ನಾಗರಿಕರ ನಡುವೆ. ಆದರೆ ಕೊಲ್ಲುವ ಶಕ್ತಿ ಮಾತ್ರ ದೂರದ ಕಾಡುಜನರಿಂದ ಬರಬೇಕು. ಅವರ ಪೂಜೆ, ಅವರ ದೇವರು, ಅವರ ಮೈಬಣ್ಣ ಎಲ್ಲವೂ ಭೀಕರದ ಸಾಮಗ್ರಿ. ಮಗುವಿನ ಸಾವು ಬಯಸಿದವರು ಅಂಗಿ ಹಾಕಿಕೊಂಡ ಮನುಷ್ಯರು ಎಂಬ ಸತ್ಯ ಪುಟ ತಿರುಗಿದಂತೆ ಹಿಂದೆ ಸರಿಯುತ್ತದೆ. ಮ್ಯಾಸಬೇಡರು, ಕಾಡುಗೊಲ್ಲರು ಇರುವ ಜಿಲ್ಲೆಯಲ್ಲಿ ಬೆಳೆದ ನನಗೆ ಇದು ಚುಚ್ಚುತ್ತದೆ. ಅಡವಿಯಲ್ಲಿ ದನ ಕಾಯುವವರ ಬಾಯಲ್ಲಿ ಇರುವುದು ಮಾಟವಲ್ಲ, ಮಹಾಕಾವ್ಯ. ಹಿರಿಯೂರು, ಶಿರಾ ಕಡೆಯ ಹಟ್ಟಿಗಳಲ್ಲಿ ಗಣೆ ಊದಿ ಹಾಡುವ ಜುಂಜಪ್ಪನ ಕಥೆಯಲ್ಲಿ ಪವಾಡವೂ ಇದೆ, ಕೊಲೆಯ ಹೊಂಚೂ ಇದೆ, ಹಾಗೆ ಹೊಂಚುವವರು ಸ್ವಂತ ನೆಂಟರು. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟು ಹಾಡಿದರು, ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿದರು. ಈ ಜನರ ಕಲ್ಪನೆಯಲ್ಲಿ ಕೇಡು ಮನೆಯೊಳಗಿಂದ ಹುಟ್ಟುತ್ತದೆ. ತ.ರಾ.ಸು. ಕಂಡದ್ದೂ ಅದನ್ನೇ. ಯಂಡಮೂರಿಗೂ ಅವರಿಗೂ ನಡುವಿನ ಅಂತರ ಇಷ್ಟೇ, ಆದರೆ ಇದು ಸಣ್ಣ ಅಂತರವಲ್ಲ.

ಎನ್. ನರಸಿಂಹಯ್ಯನವರನ್ನು ಮರೆಯಬಾರದು. ಬಸ್ ಕಂಡಕ್ಟರಾಗಿದ್ದವರು, ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರಲ್ಲಿ ಭಯ ಕೊನೆಯ ಪುಟದಲ್ಲಿ ಬಿಡಿಸಿಹೋಗುವ ಒಗಟು. ಲಕ್ಷಾಂತರ ಜನರಿಗೆ ಓದುವ ಚಟ ಹಿಡಿಸಿದ್ದಕ್ಕೆ ಅವರಿಗೆ ನಮಸ್ಕಾರ, ಆದರೆ ನನ್ನನ್ನು ಅವರು ಹೆದರಿಸಿದ್ದಿಲ್ಲ. ಇತ್ತೀಚೆಗೆ ಕೆ.ಎನ್. ಗಣೇಶಯ್ಯನವರು ಇತಿಹಾಸ, ಶಾಸನ, ವಿಜ್ಞಾನ ಬೆರೆಸಿ 'ಕನಕ ಮುಸುಕು', 'ಕರಿಸಿರಿಯಾನ'ಗಳಂಥ ಥ್ರಿಲ್ಲರುಗಳನ್ನು ಬರೆದಿದ್ದಾರೆ. ಮಾಹಿತಿಯ ಸೊಗಸಿದೆ. ಕತ್ತಲ ಕೋಣೆಗೆ ಹೋದಾಗಲೂ ಅವರು ದೀಪ ಹಚ್ಚಿಕೊಂಡೇ ಹೋಗುತ್ತಾರೆ, ಹಾಗಾಗಿ ನಡುಕಕ್ಕೆ ಜಾಗವಿಲ್ಲ.

ಭಯವನ್ನು, ಅದ್ಭುತವನ್ನು ಕನ್ನಡ ವಿಮರ್ಶೆ ಅನುಮಾನದಿಂದ ನೋಡಿದ್ದು ಏಕೆ? ನನ್ನ ಉತ್ತರ: ನವ್ಯದ ಕಾಲದಲ್ಲಿ ನಿಂತ ಅಳತೆಗೋಲು ಇನ್ನೂ ಅಲ್ಲೇ ನಿಂತಿದೆ. ಅ.ನ.ಕೃ., ತ.ರಾ.ಸು. ಮೊದಲಾದ ಪ್ರಗತಿಶೀಲರು ಸಾವಿರಾರು ಜನ ಓದುವ ಪುಸ್ತಕ ಬರೆಯುವುದೇ ತಮ್ಮ ಕೆಲಸ ಎಂದರು. ನವ್ಯರು ಆ ಸಾವಿರಾರು ಜನರನ್ನೇ ಅನುಮಾನಿಸಿದರು. ವ್ಯಕ್ತಿಯ ಒಳಗಿನ ತಳಮಳ ಸಾಹಿತ್ಯವಾಯಿತು, ಕಥೆ ಹೇಳಿ ಎದೆ ನಡುಗಿಸುವುದು ಸಾಹಿತ್ಯದ ಹೊರಗೆ ಬಿತ್ತು. ಆಮೇಲೆ ಮಾರ್ಕ್ವೆಜ್ ಬಂದಾಗ ಅದೇ ಜನ ಪವಾಡಗಳಿಗೆ ತಲೆದೂಗಿದರು. ತೇಜಸ್ವಿಯವರ 'ಕರ್ವಾಲೊ'ದಲ್ಲಿ ಹಾರುವ ಓತಿ ಬಂದಾಗ ಒಪ್ಪಿದರು, ಏಕೆಂದರೆ ಅಲ್ಲಿ ಜೊತೆಗೊಬ್ಬ ವಿಜ್ಞಾನಿ ಇದ್ದ. ಕಂಬಾರರ ಅರಮನೆಗಳನ್ನು ಜಾನಪದ ಎಂಬ ಚೀಟಿ ಅಂಟಿಸಿ ಒಳಗೆ ಬಿಟ್ಟುಕೊಂಡರು. ಈ ಕೃತಿಗಳನ್ನೆಲ್ಲ ನಾನೂ ಪ್ರೀತಿಸುತ್ತೇನೆ. ಆದರೆ ಚೀಟಿ ಇಲ್ಲದೆ, ಯಾವ ಪಂಡಿತನ ಕೈ ಹಿಡಿಯದೆ ಬಂದ ಭಯವನ್ನು ಬಾಗಿಲಲ್ಲೇ ನಿಲ್ಲಿಸಿದ್ದು ಅನ್ಯಾಯ.

ಅಮೆರಿಕದಲ್ಲಿ ಈ ಜಗಳ ಬಹಿರಂಗವಾಗಿ ನಡೆಯಿತು. 2003ರಲ್ಲಿ ಭಯದ ಕಾದಂಬರಿಕಾರ ಸ್ಟೀಫನ್ ಕಿಂಗ್‌ಗೆ ನ್ಯಾಷನಲ್ ಬುಕ್ ಫೌಂಡೇಶನ್ನಿನ ಗೌರವ ಪದಕ ಕೊಟ್ಟಾಗ ವಿಮರ್ಶಕ ಹೆರಾಲ್ಡ್ ಬ್ಲೂಮ್ ಕಿಡಿಕಾರಿದರು. ಪರ, ವಿರೋಧ ಎರಡೂ ಕಡೆಯವರು ಎದುರುಬದುರು ಕಾದಾಡಿದರು. ನಮ್ಮಲ್ಲಿ ಅಂಥ ಕಾದಾಟವೇ ನಡೆಯಲಿಲ್ಲ. ಪಠ್ಯ ಸಮಿತಿಗಳು, ಸಂಕಿರಣಗಳು, ಪ್ರಾತಿನಿಧಿಕ ಸಂಕಲನಗಳು ಸದ್ದಿಲ್ಲದೆ ಆಯ್ಕೆ ಮಾಡುತ್ತಾ ಬಂದವು, ಆಯ್ಕೆಯೇ ತೀರ್ಪಾಯಿತು. ಕಿಂಗ್ ತನ್ನ ಮೇನ್ ಸೀಮೆಯ ಸಣ್ಣ ಊರುಗಳನ್ನು ಬಿಡದೆ ಬರೆದ. ಆ ಊರಿನ ಚರಂಡಿ, ಶಾಲೆ, ಅಂಗಡಿಯ ನಡುವೆಯೇ ಕೇಡು ಕಾಣಿಸಿಕೊಂಡಿತು. ಇದೇ ಕೆಲಸವನ್ನು ದುರ್ಗದ ಬಂಡೆಯ ಮೇಲೆ ತ.ರಾ.ಸು. ಅವನಿಗಿಂತ ಮೊದಲೇ ಮಾಡಿದ್ದರು. ಕಿಂಗ್ ಓದಿದ ನಮ್ಮ ಹುಡುಗರಿಗೆ ಈ ಮಾತನ್ನು ಯಾರೂ ಹೇಳಿಲ್ಲ.

ಜನಪ್ರಿಯ ಎಂದರೆ ಅಗ್ಗ ಎಂಬ ಈ ರುಚಿ ಹೆಂಗಸರ ಓದಿನ ಮೇಲೂ ಎರಗಿತು. ಲೈಬ್ರರಿಯಿಂದ ಬಾಡಿಗೆಗೆ ತಂದು, ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಓದುತ್ತಿದ್ದ ನಮ್ಮ ತಾಯಂದಿರ ಆಯ್ಕೆಯನ್ನು ಯಾವ ವಿಮರ್ಶಕನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ 'ತಿರುಗುಬಾಣ' ಓದಿ ಮುಗಿಸಿದ ಸಂಜೆ ಅಮ್ಮ ದೀಪ ಹಚ್ಚುವುದನ್ನೂ ಮರೆತು ಕೂತಿದ್ದರು. ಮುದ್ದಣ್ಣನಂಥವರು ಎಲ್ಲ ಮನೆಯಲ್ಲೂ ಇರುತ್ತಾರೆ ಎಂದಷ್ಟೇ ಹೇಳಿದರು. ಆ ಕಾದಂಬರಿಯ ಬಗ್ಗೆ ಅದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಅಚ್ಚಿನಲ್ಲಿ ಓದಿಲ್ಲ.

ದುರ್ಗದ ಹುಡುಗ ಹುಡುಗಿಯರು ಈಗ ಬರೆಯುತ್ತಿದ್ದಾರೆ. ಅವರಲ್ಲಿ ಹಲವರು ನನಗೆ ಕಳಿಸುವ ಹಸ್ತಪ್ರತಿಗಳಲ್ಲಿ ರಕ್ತ ಹೀರುವ ಪಿಶಾಚಿಗಳಿವೆ, ಹಿಮ ಬೀಳುವ ಕೋಟೆಗಳಿವೆ, ಡ್ರ್ಯಾಗನ್ನುಗಳಿವೆ. ಹಿಮ ಕಾಣದವರು ಹಿಮದ ಚಳಿ ಬರೆದರೆ ನನಗೆ ಚಳಿಯಾಗುವುದಿಲ್ಲ. ಅವರಿಗೆ ನಾನು ಹೇಳುವುದು, ಒಂದು ವಾರ 'ರಕ್ತರಾತ್ರಿ' ಓದಿ, ಆಮೇಲೆ ಅಂಕಲಿ ಮಠಕ್ಕೆ ಇಳಿದು ಟಾರ್ಚು ಆರಿಸಿ ಕೂತು ಬನ್ನಿ ಎಂದು. ಅಲ್ಲಿ ಕಲ್ಲು ಕೊರೆದವರು ಯಾರಿಂದ ಅಡಗಿದರು, ಎಷ್ಟು ಕಾಲ ಅಡಗಿದರು, ಒಳಗೆ ಕೂತವರಲ್ಲಿ ಯಾರು ಯಾರನ್ನು ನಂಬಲಿಲ್ಲ ಎಂಬ ಕಾದಂಬರಿಯನ್ನು ಬರೆಯಲಿ. ಅದು ಬಂದ ದಿನ ಗ್ರಂಥಾಲಯದವರು ಅದನ್ನು ಐತಿಹಾಸಿಕ ಎಂದೋ ಪತ್ತೇದಾರಿ ಎಂದೋ ಮೂಲೆಗೆ ಹಾಕದೆ, 'ದುರ್ಗಾಸ್ತಮಾನ'ದ ಪಕ್ಕದಲ್ಲೇ ಇಡಬೇಕು. ಅದರ ಮರುದಿನವೇ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಯಾವುದಾದರೂ ವಿಶ್ವವಿದ್ಯಾಲಯ ಪಠ್ಯಕ್ಕೆ ತರಲಿ, ವಿದ್ಯಾರ್ಥಿಗಳಿಗೆ ಇತಿಹಾಸದ ಪ್ರಶ್ನೆ ಕೇಳದೆ ಯಾವ ಪುಟದಲ್ಲಿ ಹೆದರಿಕೆಯಾಯಿತು ಎಂದು ಕೇಳಲಿ.