ಜೆರಾಕ್ಸ್ ಅಂಗಡಿ ಗೆದ್ದದ್ದು ಎಷ್ಟು?

ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ಅನ್ನೋ ಜೆರಾಕ್ಸ್ ಅಂಗಡಿ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ಕೇಸು ಹಾಕಿದವು. ಮೇಷ್ಟ್ರು ಹೇಳಿದ ಅಧ್ಯಾಯಗಳನ್ನು ಬೇರೆ ಬೇರೆ ಪುಸ್ತಕಗಳಿಂದ ಜೆರಾಕ್ಸ್ ಮಾಡಿ, ಒಟ್ಟಿಗೆ ಬೈಂಡ್ ಹಾಕಿ ಮಾರ್ತಾರೆ ಅನ್ನೋದು ದೂರು. 2016ರಲ್ಲಿ ದೆಹಲಿ ಹೈಕೋರ್ಟು ಈ ದೂರನ್ನು ಒಪ್ಪಲಿಲ್ಲ.

ಜೆರಾಕ್ಸ್ ಫ್ರೀ ಆಯ್ತು ಅಂತ ಹಿಗ್ಗಿದವರು ತೀರ್ಪನ್ನು ಪೂರ್ತಿ ಓದಬೇಕು. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಪಾಠದ ಸಲುವಾಗಿ ಮೇಷ್ಟ್ರು, ವಿದ್ಯಾರ್ಥಿಗಳು ಪ್ರತಿ ಮಾಡಿಕೊಳ್ಳಬಹುದು. ಇಷ್ಟೇ ಪುಟ ಅನ್ನೋ ಲೆಕ್ಕ ಅಲ್ಲಿಲ್ಲ. ಪಾಠಕ್ಕೆ ಎಷ್ಟು ಬೇಕೋ ಅಷ್ಟು ಅಂತು ವಿಭಾಗೀಯ ಪೀಠ. ಆದರೆ ಆ ಕಟ್ಟಿನಲ್ಲಿದ್ದದ್ದೆಲ್ಲ ಪಾಠಕ್ಕೆ ಬೇಕಿತ್ತಾ ಅನ್ನೋದನ್ನು ವಿಚಾರಣೆಗೆ ವಾಪಸ್ ಕಳಿಸಿತು. 2017ರಲ್ಲಿ ಪ್ರಕಾಶಕರು ಕೇಸನ್ನೇ ಹಿಂತೆಗೆದುಕೊಂಡರು. ಆ ಪ್ರಶ್ನೆ ಅಲ್ಲೇ ಉಳಿಯಿತು.

ತೀರ್ಪು ಸರಿಯಾದದ್ದೇ. ಒಂದು ಅಧ್ಯಾಯಕ್ಕೋಸ್ಕರ ಯಾವ ವಿದ್ಯಾರ್ಥಿನಿ ಸಾವಿರಾರು ರೂಪಾಯಿ ಕೊಟ್ಟು ಇಡೀ ಪುಸ್ತಕ ಕೊಳ್ತಾಳೆ? ಜೆರಾಕ್ಸ್ ನಿಲ್ಲಿಸಿದರೆ ಅವಳು ಪುಸ್ತಕ ಕೊಳ್ಳಲ್ಲ, ಓದೋದನ್ನೇ ಬಿಡ್ತಾಳೆ. ಆದರೆ ಇದೇ ವಾದವನ್ನು ನಮ್ಮ ಕನ್ನಡ ಎಂ.ಎ. ತರಗತಿಗೆ ತಂದು, ಅಂಗಡಿಯಲ್ಲಿ ಇನ್ನೂರು ರೂಪಾಯಿಗೆ ಸಿಗೋ ವಿಮರ್ಶಾ ಪುಸ್ತಕವನ್ನು ಇಡಿಯಾಗಿ ಜೆರಾಕ್ಸ್ ಮಾಡಿಸಿದರೆ ಹೇಗೆ? ಅಲ್ಲಿ ಪೆಟ್ಟು ಬೀಳೋದು ಆಕ್ಸ್‌ಫರ್ಡಿಗಲ್ಲ, ಐನೂರು ಪ್ರತಿ ಹಾಕಿಸಿ ಕೂತ ಸಣ್ಣ ಪ್ರಕಾಶಕನಿಗೆ. ಮುದ್ರಣವೇ ಇಲ್ಲದ ಪುಸ್ತಕದ ಮಾತು ಬೇರೆ, ಅದಕ್ಕೆ ಜೆರಾಕ್ಸೇ ಗತಿ.

ಹಾಗಾಗಿ ಓದುವ ಪಟ್ಟಿ ಕೊಡೋ ಮೇಷ್ಟ್ರು, ಯಾವುದು ಅಂಗಡಿಯಲ್ಲಿ ಸಿಗುತ್ತೆ, ಯಾವುದು ಸಿಗಲ್ಲ ಅಂತಲೂ ಪಕ್ಕದಲ್ಲಿ ಬರೆದು ಕೊಡಲಿ.