ಕೊಕ್ಕೋ ಮರಕ್ಕೆ ಕಾಫಿಯ ಕಪಾತು

ಮಡಿಕೇರಿಯಿಂದ ಇಳಿಯುವ ಹೆದ್ದಾರಿ ಜೋಡುಪಾಲ, ಕೊಯನಾಡು ದಾಟಿ ಸಂಪಾಜೆ ಗೇಟು ಮುಟ್ಟುವಷ್ಟರಲ್ಲಿ ತೋಟಗಳ ಚಹರೆ ಬದಲಾಗಿರುತ್ತದೆ. ಕಾಫಿ, ಸಿಲ್ವರ್ ಮರಗಳು ತೆಳುವಾಗುತ್ತಾ ಬಂದು ಪಯಸ್ವಿನಿಯ ಇಕ್ಕೆಲದಲ್ಲಿ ಅಡಿಕೆ ಶುರುವಾಗುತ್ತದೆ. ಒಂದು ಮಾತು ಮಾತ್ರ ಘಟ್ಟ ಇಳಿದರೂ ಬದಲಾಗದೆ ನಮ್ಮೊಂದಿಗೇ ಬಂದಿದೆ: ಕಪಾತು. ಮೇಲೆ ಕಾಫಿ ತೋಟದ ನೆರಳು ಮರಗಳ ಕೊಂಬೆ ಇಳಿಸುವುದಕ್ಕೂ ಕಪಾತು, ಕಾಫಿ ಗಿಡದ ಒಣಕಡ್ಡಿ ತೆಗೆಯುವುದಕ್ಕೂ ಕಪಾತು. ಕೆಳಗೆ ನಮ್ಮಲ್ಲಿ ಅಡಿಕೆಯ ನಡುವಿನ ಕೊಕ್ಕೋಗೂ, ಅಂಗಳದ ಪೇರಳೆಗೂ, ರಂಬುಟಾನಿಗೂ ಅದೇ ಹೆಸರು. ಹೆಸರು ಒಂದೇ ಆದದ್ದರಿಂದ ಕೆಲಸವೂ ಒಂದೇ ಎಂದು ನಾವು ಭಾವಿಸಿಕೊಂಡಿದ್ದೇವೆ. ಹಾಗೆ ಭಾವಿಸಿದ್ದರಿಂದ ಆಗಿರುವ ನಷ್ಟ ಸಣ್ಣದಲ್ಲ. ಅದರಲ್ಲೂ ಕೊಕ್ಕೋ ಮರಗಳಿಗೆ ಆಗಿರುವ ಪೆಟ್ಟು ನಾಲ್ಕು ತೋಟ ಸುತ್ತಿದರೆ ಯಾರ ಕಣ್ಣಿಗೂ ಬೀಳುತ್ತದೆ.

ಕೊಂಬೆ ಕಡಿಯುವ ವಿದ್ಯೆಯಲ್ಲಿ ಮೊದಲ ಪ್ರಶ್ನೆ ಒಂದೇ. ಈ ಮರ ಕಾಯಿಯನ್ನು ಎಲ್ಲಿ ಹೊರುತ್ತದೆ? ಚಳಿನಾಡಿನ ಪೀಚ್ ಮರವನ್ನು ತೆಗೆದುಕೊಳ್ಳಿ. ಅದು ಹೂ ಬಿಡುವುದು ಹಿಂದಿನ ವರ್ಷ ಬೆಳೆದ ಕಡ್ಡಿಯಲ್ಲಿ ಮಾತ್ರ. ಒಮ್ಮೆ ಹಣ್ಣು ಕೊಟ್ಟ ಕಡ್ಡಿ ಮತ್ತೆ ಕೊಡುವುದಿಲ್ಲ. ಆದ್ದರಿಂದ ಅಲ್ಲಿನ ತೋಟಗಾರ ವರ್ಷವರ್ಷವೂ ಕೈಬಿಗಿ ಮಾಡದೆ ಕತ್ತರಿಸುತ್ತಾನೆ, ಮರದ ನಡುವನ್ನು ಬಟ್ಟಲಿನಂತೆ ತೆರೆದು ಬಿಸಿಲು ಒಳಗೆ ಬಿಡುತ್ತಾನೆ. ಕತ್ತರಿಸದಿದ್ದರೆ ಹೊಸ ಕಡ್ಡಿ ಇಲ್ಲ, ಹೊಸ ಕಡ್ಡಿ ಇಲ್ಲದಿದ್ದರೆ ಹಣ್ಣಿಲ್ಲ. ನಮ್ಮ ಮೇಲಿನ ರೋಬಸ್ಟಾ ಕಾಫಿಯೂ ಬಹುಮಟ್ಟಿಗೆ ಇದೇ ಜಾತಿ. ಹೂ ಬಿಟ್ಟ ಗೆಣ್ಣು ಮತ್ತೆ ಹೂ ಬಿಡದು, ಮುಂದಿನ ಫಸಲು ಈ ವರ್ಷ ಚಾಚಿಕೊಂಡ ಕಡ್ಡಿಯಲ್ಲಿ. ಹಳೆಯದನ್ನು ತೆಗೆದು ಹೊಸದನ್ನು ಕರೆಯುವ, ಗಿಡದ ಹೊಟ್ಟೆ ಬಿಡಿಸಿ ಬೆಳಕು ಕೊಡುವ ಕಾಫಿ ಕಪಾತಿಗೆ ಗಟ್ಟಿ ಆಧಾರವಿದೆ.

ಕೊಕ್ಕೋ ಇದಕ್ಕೆ ಪೂರ್ತಿ ಎದುರು. ಹಲಸಿನ ಹಾಗೆ ಅದು ಕಾಂಡದಲ್ಲೇ, ದಪ್ಪ ಕೊಂಬೆಗಳ ಮೈಯಲ್ಲೇ ಕಾಯಿ ಹೊರುವ ಮರ. ಒಂದು ಕಾಲದಲ್ಲಿ ಎಲೆ ಇದ್ದು ಉದುರಿದ ಜಾಗದಲ್ಲಿ ತೊಗಟೆ ಸಣ್ಣಗೆ ಉಬ್ಬಿ ಗಂಟಾಗುತ್ತದೆ. ಆ ಗಂಟಿನಲ್ಲಿ ಉಗುರಿನಷ್ಟು ಅಗಲದ ಬಿಳಿ, ನಸುಗೆಂಪು ಹೂಗಳು. ನೂರು ಹೂವಿನಲ್ಲಿ ಐದು ಕಾಯಿಗೆ ನಿಂತರೆ ಹೆಚ್ಚು. ಆದರೆ ಅದೇ ಗಂಟು ಮುಂದಿನ ವರ್ಷವೂ, ಹತ್ತು ವರ್ಷ ಬಿಟ್ಟೂ ಹೂ ಬಿಡುತ್ತದೆ. ಪೀಚಿನಲ್ಲಿ ಹಳೆಯದು ಹೊರೆ, ಕೊಕ್ಕೋದಲ್ಲಿ ಹಳೆಯದೇ ಆಸ್ತಿ. ತೊಗಟೆಯ ಒಂದು ಗೇಣು ಹರಿದರೆ ಆ ಗೇಣಿನಲ್ಲಿದ್ದ ಗಂಟುಗಳ ಅಷ್ಟೂ ವರ್ಷದ ಫಸಲು ಹೋಯಿತು.

ಈಗ ನಮ್ಮ ಕಪಾತು ನಡೆಯುವ ರೀತಿ ನೋಡಿ. ಕೆಲಸಕ್ಕೆ ಬರುವವರು ಹೆಚ್ಚಿನವರು ಕಾಫಿ ತೋಟದಲ್ಲಿ ಕೈ ಪಳಗಿಸಿಕೊಂಡವರು, ಮರ ಹತ್ತುವ ಧೈರ್ಯದವರು. ಅವರ ದುಡಿಮೆಯ ಮೇಲೆ ನನಗೆ ದೂರಿಲ್ಲ. ದೂರು ನಾವು ಅವರಿಗೆ ಹೇಳುವ ಮಾತಿನ ಮೇಲೆ. "ಸ್ವಲ್ಪ ಬೆಳಕು ಮಾಡಿ" ಎಂದು ಹೇಳಿ ಮನೆಗೆ ಬರುತ್ತೇವೆ. ಸಂಜೆ ಅವರು "ಬೆಳಕಾಯ್ತಲ್ಲ ಅಣ್ಣ?" ಎಂದು ಕೇಳುತ್ತಾರೆ. ನೆಲದಲ್ಲಿ ಬಿದ್ದ ಸೊಪ್ಪಿನ ರಾಶಿ ನೋಡಿ ನಾವೂ ತೃಪ್ತರಾಗುತ್ತೇವೆ. ಎಷ್ಟು ಬಿತ್ತು ಎನ್ನುವುದೇ ಕೆಲಸದ ಅಳತೆ. ಮರದಲ್ಲಿ ಏನು ಉಳಿಯಿತು, ಯಾವ ಕೊಂಬೆ ಯಾಕೆ ಉಳಿಯಿತು ಎಂದು ನೋಡುವವರಿಲ್ಲ.

ನನ್ನದೇ ತೋಟದಲ್ಲಿ ಒಂದು ಫೆಬ್ರವರಿಯಲ್ಲಿ ಹೀಗೇ ಆಯಿತು. ಒಂದು ಸಾಲಿನ ಕೊಕ್ಕೋಗಳ ನಡುವನ್ನು ಕಾಫಿ ಗಿಡದ ಹೊಟ್ಟೆ ಬಿಡಿಸಿದಂತೆ ಬಿಡಿಸಿದೆವು. ಬೇಸಿಗೆಯ ಪಡುವಣ ಬಿಸಿಲು ಸೀದಾ ಕವಲಿನ ಮೇಲೆ ಬಿತ್ತು. ಎಳೆ ಅಡಿಕೆ ಕಾಂಡಕ್ಕೆ ಪಡುವಣ ಬಿಸಿಲು ತಾಗದಂತೆ ಸೋಗೆ ಕಟ್ಟುವ ಜನ ನಾವು. ಅದೇ ಬಿಸಿಲು ಪಕ್ಕದಲ್ಲಿರುವ ಕೊಕ್ಕೋದ ತೊಗಟೆಯನ್ನೂ ಸುಡುತ್ತದೆ ಎಂಬುದು ಹೊಳೆಯಲಿಲ್ಲ. ಮಳೆಗಾಲ ಬರುವಷ್ಟರಲ್ಲಿ ಆ ಭಾಗ ಬಿರಿದಿತ್ತು. ಜೂನ್‌ನಲ್ಲಿ ಕೊಳೆ ಒಳಗೆ ಇಳಿಯಿತು.

ಕೊಳೆ ಎಂದರೆ ಅಡಿಕೆಯವರಿಗೆ ಪರಿಚಯ ಹೇಳಬೇಕಿಲ್ಲ. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ ಬರೆದ ಮೇಲೆ ಬೋರ್ಡೋ ದ್ರಾವಣ ಮಲೆನಾಡಿನ, ಕರಾವಳಿಯ ಮನೆಮದ್ದೇ ಆಗಿಹೋಯಿತು. ಕೊಕ್ಕೋ ಕಾಯಿ ಕಪ್ಪಾಗಿ ಕೊಳೆಯುವುದಕ್ಕೂ, ಕಾಂಡದಲ್ಲಿ ತೊಗಟೆ ಕೊಳೆತು ಕೆಂಪು ನೀರು ಸುರಿಯುವುದಕ್ಕೂ ಕಾರಣ ಅದೇ ಫೈಟಾಫ್ತೋರಾ ಕುಲದ ಒಂದು ರೋಗಾಣು. ಅಡಿಕೆ ಕೊನೆಗೆ ಮದ್ದು ಬಿಡುವಾಗ ಉಳಿದದ್ದನ್ನು ಕೊಕ್ಕೋಗೂ ಬಿಡುತ್ತೇವೆ, ಒಳ್ಳೆಯದು. ಆದರೆ ಮೇ ತಿಂಗಳ ಕೊನೆಯಲ್ಲಿ ಕತ್ತಿಯಿಂದ ಕೊಚ್ಚಿ, ಸೀಳಿದ ಗಾಯವನ್ನು ಹಾಗೇ ಬಿಟ್ಟು, ವಾರದಲ್ಲಿ ಮಳೆ ಹಿಡಿದರೆ ಯಾವ ಮದ್ದು ಎಷ್ಟು ಕಾದೀತು? ನನ್ನ ಅನುಭವದಲ್ಲಿ ಮಳೆಗೆ ಮೊದಲು ಸಣ್ಣ ಕೆಲಸ ಸಾಕು: ಒಣಗಿ ಕಪ್ಪಾದ ಕಾಯಿ ತೆಗೆಯುವುದು, ನೆಲಕ್ಕೆ ಜೋತುಬಿದ್ದ ತುದಿಗಳನ್ನು ಕತ್ತರಿಸಿ ಗಾಳಿಗೆ ದಾರಿ ಮಾಡುವುದು. ಹೆಬ್ಬೆರಳಿಗಿಂತ ದಪ್ಪದ ಕೊಂಬೆ ಮಳೆ ಬಿಟ್ಟ ಮೇಲೆಯೇ, ಗರಗಸದಲ್ಲೇ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿಯೇ.

ಇನ್ನು ನೆಟ್ಟಗೆ ಏಳುವ ಚಿಗುರಿನ ಮಾತು. ಬೀಜದಿಂದ ಬಂದ ಕೊಕ್ಕೋ ಗಿಡ ಮೊದಲು ಒಂದೇ ಕಡ್ಡಿಯಾಗಿ ಏಳುತ್ತದೆ. ಸುಮಾರು ಎದೆಯೆತ್ತರಕ್ಕೆ ಬಂದಾಗ ಬೆಳವಣಿಗೆ ತಟ್ಟನೆ ನಿಂತು, ತುದಿ ಮೂರರಿಂದ ಐದು ಕೊಂಬೆಯಾಗಿ ಕೊಡೆಯ ಕಡ್ಡಿಯಂತೆ ಬಿರಿಯುತ್ತದೆ. ಇಷ್ಟು ಕ್ರಮಬದ್ಧವಾಗಿ ಕವಲೊಡೆಯುವ ಗಿಡ ನಮ್ಮ ತೋಟದಲ್ಲಿ ಇನ್ನೊಂದಿಲ್ಲ. ವಿಟ್ಲದ ಕೇಂದ್ರೀಯ ತೋಟಬೆಳೆ ಸಂಶೋಧನಾ ಕೇಂದ್ರದವರು ಹೇಳುವ ಪದ್ಧತಿ ಈ ಸ್ವಭಾವವನ್ನೇ ಆಧರಿಸಿದ್ದು. ಒಂದೂವರೆ ಮೀಟರಿನ ಸುಮಾರಿಗೆ ಬಂದ ಕವಲನ್ನು ಉಳಿಸಿ, ಅದರ ಕೆಳಗೆ ಕಾಂಡದಿಂದ ನೆಟ್ಟಗೆ ಏಳುವ ಚಿಗುರುಗಳನ್ನು ತೆಗೆಯುತ್ತಾ ಬನ್ನಿ, ಮರ ಕೈಗೆಟಕುವ ಕೊಡೆಯಾಗಿ ಉಳಿಯುತ್ತದೆ. ತೆಗೆಯದಿದ್ದರೆ ಆ ಚಿಗುರು ಮೊದಲ ಕವಲನ್ನು ದಾಟಿ ಮೇಲೆ ಹೋಗಿ ಎರಡನೆಯ ಕೊಡೆ ಬಿಡಿಸುತ್ತದೆ, ಅದರ ಮೇಲೆ ಮೂರನೆಯದು. ಕೆಳಗಿನ ಕೊಡೆ ನೆರಳಿನಲ್ಲಿ ಸೊರಗುತ್ತದೆ, ಕಾಯಿ ಮೇಲಕ್ಕೆ ಹೋಗುತ್ತದೆ, ಅಳಿಲಿಗೆ ಸುಲಭ, ಮನುಷ್ಯನಿಗೆ ದೋಟಿ ಬೇಕು.

ನಾವು ತಪ್ಪುವುದು ಸಮಯದಲ್ಲಿ. ಚಿಗುರು ಬೆರಳುದ್ದ ಇರುವಾಗ ಹೆಬ್ಬೆರಳಿನಲ್ಲಿ ಒತ್ತಿದರೆ ಮುರಿಯುತ್ತದೆ, ಗಾಯವೂ ಉಳಿಯುವುದಿಲ್ಲ. ಹಾಳೆ ಹೆಕ್ಕಲು, ನೀರು ಬದಲಿಸಲು ದಿನಾ ತೋಟಕ್ಕೆ ಹೋಗುತ್ತೇವೆ, ಹೋಗುವಾಗಲೇ ಆಗುವ ಕೆಲಸ ಇದು. ಅದನ್ನು ಮಣಿಕಟ್ಟಿನಷ್ಟು ದಪ್ಪ ಬೆಳೆಯಲು ಬಿಟ್ಟು, ಮೂರು ವರ್ಷಕ್ಕೊಮ್ಮೆ ಆಳು ಕರೆಸಿ ಕತ್ತಿಯಿಂದ ಕಡಿಸಿ, ಅದನ್ನು ಕಪಾತು ಎನ್ನುತ್ತೇವೆ. ಆ ಕಡಿತದ ಬುಡದಲ್ಲಿ ಹರಿಯುವುದು ಹೂವಿನ ಗಂಟುಗಳೇ. ಕಾಯಿ ಕೊಯ್ಯುವಾಗಲೂ ಹಾಗೆ. ತಿರುಚಿ ಎಳೆದರೆ ಗಂಟು ಕಾಯಿಯೊಡನೆ ಕಿತ್ತು ಬರುತ್ತದೆ, ತೊಟ್ಟನ್ನು ಕತ್ತರಿಸಿದರೆ ಉಳಿಯುತ್ತದೆ. ಕೊಯ್ಲೂ ಒಂದು ಬಗೆಯ ಕಪಾತು ಎಂದು ಮನೆಮಂದಿಗೆಲ್ಲ ಹೇಳಿಕೊಡಬೇಕು.

ಈ ಅಸಡ್ಡೆಗೆ ಹಿನ್ನೆಲೆಯೂ ಇದೆ, ಅದನ್ನು ಬಿಟ್ಟು ರೈತನನ್ನು ದೂರುವುದು ನ್ಯಾಯವಲ್ಲ. ಎಪ್ಪತ್ತರ ದಶಕದಲ್ಲಿ ಹುರಿದುಂಬಿಸಿ ನೆಡಿಸಿದ ಬೆಳೆ ಇದು. ಎಂಬತ್ತರ ಹೊತ್ತಿಗೆ ಕೊಳ್ಳುವವರಿಲ್ಲದೆ ಧಾರಣೆ ನೆಲಕಚ್ಚಿದಾಗ ಎಷ್ಟೋ ಮಂದಿ ಬುಡಸಮೇತ ಕಡಿದರು. 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡ ಕ್ಯಾಂಪ್ಕೋ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದದ್ದರಿಂದ ಉಳಿದ ಮರಗಳು ಉಳಿದವು. ಆದರೆ ಮನಸ್ಸಿನಲ್ಲಿ ಕೊಕ್ಕೋ ಅಡಿಕೆಯ ನಡುವಿನ ಉಪಬೆಳೆಯಾಗಿಯೇ ಉಳಿಯಿತು. ಧಾರಣೆ ಇಲ್ಲದ ವರ್ಷ ಅದರ ಕಡೆ ನೋಡುವುದಿಲ್ಲ. 2024ರಲ್ಲಿ ಲೋಕದ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿದಾಗ ಹಸಿ ಬೀಜಕ್ಕೂ ಹಿಂದೆಂದೂ ಕಾಣದ ಬೆಲೆ ಬಂತು, ಹತ್ತು ವರ್ಷ ಮುಟ್ಟದ ಮರಗಳನ್ನು ಹತ್ತು ದಿನದಲ್ಲಿ ಸರಿಮಾಡಲು ಹೊರಟೆವು. ಮರಕ್ಕೆ ಮಾರುಕಟ್ಟೆಯ ಲೆಕ್ಕ ತಿಳಿಯದು. ಅಷ್ಟು ಎಲೆ ಒಮ್ಮೆಲೇ ಕಳೆದುಕೊಂಡ ಮರ ಮರುವರ್ಷ ಕಾಯಿ ಬಿಡುವ ಬದಲು ಮೈತುಂಬ ನೆಟ್ಟ ಚಿಗುರು ಎಬ್ಬಿಸಿ ತನ್ನನ್ನು ತಾನು ಉಳಿಸಿಕೊಳ್ಳಲು ನೋಡಿತು.

ವಿಟ್ಲದ ಪದ್ಧತಿಯನ್ನು ಮೆಚ್ಚುತ್ತಲೇ ಎರಡು ಮಾತು ಸೇರಿಸಬೇಕು ಎನಿಸುತ್ತದೆ. ಮೊದಲನೆಯದು ಕಸಿ ಗಿಡದ್ದು. ಈಗ ನರ್ಸರಿಯಿಂದ ಬರುವುದು ಹೆಚ್ಚಾಗಿ ಕಸಿ. ಅಡ್ಡ ಕೊಂಬೆಯ ಕಡ್ಡಿಯಿಂದ ಕಸಿ ಮಾಡಿದ ಗಿಡ ಅಡ್ಡ ಕೊಂಬೆಯ ಸ್ವಭಾವವನ್ನೇ ತರುತ್ತದೆ. ಅದು ನೆಟ್ಟಗೆ ಎದ್ದು ಕೊಡೆ ಬಿಡಿಸುವುದಿಲ್ಲ, ನೆಲಮಟ್ಟದಲ್ಲೇ ಪೊದೆಯಾಗಿ ಹರಡುತ್ತದೆ. ಬೀಜದ ಗಿಡದ ಪಾಠ ಹಿಡಿದು ಕವಲು ಬರಲಿ ಎಂದು ಕಾದು ಕುಳಿತವರನ್ನು ನೋಡಿದ್ದೇನೆ. ಕಾದರೆ ಬರುವುದಿಲ್ಲ. ಮೊದಲ ಎರಡು ವರ್ಷ ಕೆಳಗಿನ ಜೋಲು ಕಡ್ಡಿಗಳನ್ನು ಸ್ವಲ್ಪ ಸ್ವಲ್ಪವೇ ತೆಗೆದು, ಮೇಲ್ಮುಖವಾದ ಮೂರೋ ನಾಲ್ಕೋ ಕೊಂಬೆಯನ್ನು ಆರಿಸಿ ಎತ್ತಬೇಕು, ಬೇಕಾದರೆ ಗೂಟ ಕೊಟ್ಟು ಕಟ್ಟಬೇಕು. ಗಿಡ ಮಾರುವಾಗಲೇ ಈ ಮಾತು ಹೇಳಿ ಕಳುಹಿಸಬೇಕಿತ್ತು.

ಎರಡನೆಯದು ನಮ್ಮ ಊರಿನದೇ ಸಂಕಟ. ಸಂಪಾಜೆ, ಅರಂತೋಡು ಸುತ್ತಿನ ತೋಟಗಳನ್ನು ಅಡಿಕೆಯ ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಪುಸ್ತಕದ ಲೆಕ್ಕದಲ್ಲಿ 2.7 ಮೀಟರಿಗೊಂದು ಅಡಿಕೆ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಕೊಕ್ಕೋ, ಮೇಲೆ ಸಮನಾದ ಚಪ್ಪರ. ನಮ್ಮಲ್ಲಿ ಚಪ್ಪರ ಹರಿದಿದೆ. ಇಲ್ಲಿ ನಾಲ್ಕು ಮರ ಇಲ್ಲ, ಅಲ್ಲಿ ಒಂದು ಸಾಲೇ ಇಲ್ಲ. ಒಂದೇ ಸಾಲಿನ ಒಂದು ಕೊಕ್ಕೋ ಇಡೀ ದಿನ ನೆರಳಲ್ಲಿ, ಇನ್ನೊಂದು ಮಧ್ಯಾಹ್ನದಿಂದ ಸಂಜೆವರೆಗೆ ಬಿಸಿಲಲ್ಲಿ. ಎರಡಕ್ಕೂ ಒಂದೇ ಕತ್ತರಿ ಹೇಗೆ ಹೊಂದೀತು? ನೆರಳಿನ ಮರವನ್ನು ತೆಳು ಮಾಡಬೇಕು. ಬಯಲಿಗೆ ಬಿದ್ದ ಮರದ ಪಡುವಣ ಕೊಂಬೆಯನ್ನು, ಅದು ಅಂದಗೆಟ್ಟು ಚಾಚಿದ್ದರೂ, ಕಾಂಡದ ಮರೆಗಾಗಿ ಬಿಡಬೇಕು. ಅಡಿಕೆ ಹೋದ ತೋಟದಲ್ಲಿ ಮನೆ ನಡೆಸುವ ಹೊಣೆ ಕೊಕ್ಕೋ, ಕಾಳುಮೆಣಸು, ಜಾಯಿಕಾಯಿಗಳ ಮೇಲೆ ಬಂದಿರುವಾಗ ಮರಮರಕ್ಕೂ ನಿಂತು ನೋಡುವಷ್ಟು ಹೊತ್ತನ್ನು ನಾವು ಕೊಡಲೇಬೇಕು.

ಕಡಿದ ಸೊಪ್ಪಿನದೂ ಒಂದು ಮಾತಿದೆ. ತೋಟ ಚೊಕ್ಕ ಕಾಣಲಿ ಎಂದು ಅದನ್ನು ಹೊರಗೆ ಸಾಗಿಸುವವರಿದ್ದಾರೆ. ಕೊಕ್ಕೋ ಹೂವಿಗೆ ಪರಾಗ ಒಯ್ಯುವುದು ಜೇನಲ್ಲ, ಗುಂಡುಸೂಜಿಯ ತಲೆಯಷ್ಟಿರುವ ನುಸಿ. ಅದು ಮರಿ ಮಾಡುವುದು ಕೊಳೆಯುವ ತರಗೆಲೆಯಲ್ಲಿ, ಒದ್ದೆ ಸಿಪ್ಪೆಯಲ್ಲಿ. ರೋಗದ ಕಾಯನ್ನು ಹೊರಗೆ ಹಾಕಿ, ಸೊಪ್ಪನ್ನು ಬುಡದಲ್ಲೇ ಬಿಡಿ.

ಅಂಗಳದ ಮರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರಂಬುಟಾನ್ ಹೊಸ ಚಿಗುರಿನ ತುದಿಯಲ್ಲಿ ಗೊಂಚಲು ಬಿಡುವುದರಿಂದ, ಹಣ್ಣು ಕೊಯ್ಯುವಾಗ ಗೊಂಚಲಿನ ಹಿಂದೆ ಒಂದು ಗೇಣು ಕಡ್ಡಿ ಸೇರಿಸಿ ಕತ್ತರಿಸಿದರೆ ಕೊಯ್ಲೂ ಆಯಿತು, ಕಪಾತೂ ಆಯಿತು. ಪೇರಳೆಗೂ ಹೊಸ ಚಿಗುರೇ ಬೇಕು, ಅದು ಎಷ್ಟು ಕತ್ತರಿಸಿದರೂ ತಡೆದುಕೊಳ್ಳುತ್ತದೆ.

ಕೊಕ್ಕೋದ ನೆಟ್ಟ ಚಿಗುರನ್ನು ಇಷ್ಟು ಹೊತ್ತು ವೈರಿ ಎಂಬಂತೆ ಬರೆದೆ. ಒಂದು ಹೊತ್ತಿನಲ್ಲಿ ಅದೇ ವಾರಸುದಾರ. ಮೇಲೆ ಹೇಳಿದ ಸುಟ್ಟ ಸಾಲಿನ ಕೊನೆಯ ಮರ, ತೋಡಿನ ಬದಿಯದು, ತೊಗಟೆ ಕೊಳೆತು ಅರ್ಧ ಸತ್ತಿತ್ತು. ಕಡಿದು ಬೇರೆ ನೆಡುವ ಎಂದು ಹೋದಾಗ ನೆಲಕ್ಕೆ ಅಂಟಿಕೊಂಡಂತೆ ಬುಡದಲ್ಲಿ ಎರಡು ಚಿಗುರು ಇದ್ದವು. ಒಂದನ್ನು ಹೆಬ್ಬೆರಳಲ್ಲಿ ಮುರಿದೆ, ಮಣ್ಣಿಗೆ ಹತ್ತಿರದ್ದನ್ನು ಬಿಟ್ಟೆ. ಬುಡಕ್ಕೆ ಮಣ್ಣು ಏರಿಸಿದೆ, ಹಳೆಯ ಕಾಂಡವನ್ನು ನೆರಳಿಗೆಂದು ಒಂದು ವರ್ಷ ಉಳಿಸಿಕೊಂಡು ಆಮೇಲೆ ಗರಗಸದಲ್ಲಿ ತೆಗೆದೆ. ಚಿಗುರು ನನ್ನ ಎದೆಯೆತ್ತರಕ್ಕೆ ಬಂದು ಕಳೆದ ಮಳೆಗಾಲ ಮುಗಿಯುವಾಗ ಕೊಡೆ ಬಿಡಿಸಿತು, ಐದು ಕೊಂಬೆ. ಅದರಲ್ಲಿ ಒಂದು ಪಡುವಣಕ್ಕೆ, ಅಡಿಕೆ ಸತ್ತು ತೆರವಾದ ಜಾಗದ ಕಡೆಗೆ ವಿಪರೀತ ಚಾಚಿದೆ. ಕೆಲಸದವರು ಅದರ ಮೇಲೆ ಕತ್ತಿ ಇಟ್ಟು ನನ್ನ ಮುಖ ನೋಡಿದರು. ಇರಲಿ ಬಿಡಿ ಎಂದೆ.